ಹಡಗಿನ ಕಡೆಯ ಬಾಗಿಲು

"ಹಿಂದಿನ ರಸ್ತೆಗಲ್ಲಪ್ಪಾ, ಹಿಂದಿನ ರಸ್ತೆಗಲ್ಲ! ಎದುರುಗಡೆ ಬಾ. ಹಳೇ ಕಟ್ಟೆ ಅಂತ ಕೇಳು, ಯಾರಾದ್ರೂ ತೋರಿಸ್ತಾರೆ. ಕಟ್ಟೆ ಇಳಿದ್ರೆ ಬಯಲು, ಬಯಲು ದಾಟಿದ್ರೆ ನಮ್ಮ ಮುಂಬಾಗಿಲು. ದೊಡ್ಡ ಬಾಗಿಲು, ಹಿತ್ತಾಳೆ ಮೊಳೆ ಹೊಡೆದಿದೆ. ನೋಡಿದ ಕೂಡಲೇ ಗೊತ್ತಾಗುತ್ತೆ ಯಾರ ಮನೆ ಅಂತ."

ಫೋನಿನಲ್ಲಿ ದಾರಿ ಹೇಳುತ್ತಿದ್ದವನು ಕಿರಿಸೊಸೆಯ ಭಾವ, ಅವಳ ಗಂಡನ ಅಣ್ಣ. ಆ ತುದಿಯಲ್ಲಿ ಕೇಳುತ್ತಿದ್ದವನು ಆಂಬುಲೆನ್ಸಿನ ಡ್ರೈವರು. ಹಜಾರದ ನಡುವೆ ಕಪ್ತಾನನ ಕುರ್ಚಿಯಲ್ಲಿ ಮಾವ ಒಂದು ಪಕ್ಕಕ್ಕೆ ವಾಲಿಕೊಂಡಿದ್ದರು. ಕೈಯಿಂದ ಜಾರಿದ ಕಾಫಿ ಲೋಟ ಇನ್ನೂ ನೆಲದ ಮೇಲೆ ಬಿದ್ದೇ ಇತ್ತು. ಬಾಯಿ ಬಲಕ್ಕೆ ಜೋತುಬಿದ್ದಿತ್ತು. ಬಲಗೈ ತೊಡೆಯ ಮೇಲೆ ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ ಬಿದ್ದಿತ್ತು.

ಕಿರಿಸೊಸೆ ಅಡುಗೆಮನೆಯ ಹೊಸ್ತಿಲಲ್ಲಿ ಒದ್ದೆ ಕೈ ಹಿಡಿದುಕೊಂಡು ನಿಂತಿದ್ದಳು. ಭಾವ ಬಯಲು ಎಂದದ್ದು ಬಯಲಲ್ಲ, ಕೆಸರು. ಅದನ್ನು ತಿಳಿಯಲು ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ, ಊರಿನ ನಾಯಿಗಳಿಗೂ ಅದು ಗೊತ್ತಿತ್ತು. ಬಿಸಿಲಿಗೆ ಮೇಲೆ ಒಣಗಿ, ಬಿರುಕು ಬಿಟ್ಟು, ಗಟ್ಟಿ ನೆಲದ ಸೋಗು ಹಾಕಿಕೊಂಡಿರುತ್ತದೆ. ಕಾಲಿಟ್ಟರೆ ಮೊಣಕಾಲಿನವರೆಗೆ ನುಂಗುತ್ತದೆ. 'ಭಾವ, ಅಲ್ಲಿಗೆ ಗಾಡಿ ಬರಲ್ಲ, ಅಡುಗೆಮನೆ ಕಡೆಗೇ ಕರೀರಿ' ಎಂದು ಒಂದು ಮಾತು ಅಂದಿದ್ದರೆ ಆಗಿಹೋಗುತ್ತಿತ್ತು. ಮಾತು ನಾಲಿಗೆಯ ತುದಿಯವರೆಗೆ ಬಂದೂ ಬಂದಿತು. ಬಂದದ್ದನ್ನು ಅವಳು ಹಾಗೇ ನುಂಗಿಕೊಂಡಳು. ಬರಲಿ, ಅಂದುಕೊಂಡಳು. ಬಂದು ಹೂತುಕೊಳ್ಳಲಿ. ಹಿತ್ತಾಳೆ ಮೊಳೆ ನೋಡುತ್ತಾ ನೋಡುತ್ತಾ ಹೂತುಕೊಳ್ಳಲಿ. ಒಂದೇ ಒಂದು ಸಲ, ಊರೆಲ್ಲ ನಿಂತು ನೋಡುವ ಹಾಗೆ.

ತಲೆ ಎತ್ತಿದಾಗ ಮಾವನ ಕಣ್ಣು ಅವಳ ಮೇಲಿತ್ತು. ಬಲಗಣ್ಣಿನ ರೆಪ್ಪೆ ಇಳಿದುಹೋಗಿತ್ತು. ತೆರೆದಿದ್ದ ಎಡಗಣ್ಣು ನೆಟ್ಟಗೆ ಅವಳ ಬಾಯಿಯನ್ನೇ ನೋಡುತ್ತಿತ್ತು, ಅಲ್ಲಿಂದ ಏನೋ ಬರಬೇಕು ಎಂದು ಕಾಯುವವರಂತೆ. ಅವಳು ಒಳಗೆ ಹೋಗಿ ನಲ್ಲಿ ತಿರುಗಿಸಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಆ ಬೀದಿಯ ಮನೆಗಳೆಲ್ಲ ಊರಿಗೆ ಬೆನ್ನು ಹಾಕಿ ಕೂತಿವೆ. ಊರು, ರಸ್ತೆ, ಸಂತೆ, ಶಾಲೆ, ದವಾಖಾನೆ ಎಲ್ಲ ಒಂದು ಕಡೆ. ಮನೆಗಳ ಮುಖ ಇನ್ನೊಂದು ಕಡೆ. ಒಂದು ಕಾಲದಲ್ಲಿ ಆ ಇನ್ನೊಂದು ಕಡೆ ನದಿಯಿತ್ತು. ಸಮುದ್ರ ಸೇರುವ ಮುನ್ನ ಒಮ್ಮೆ ಉಸಿರು ಬಿಡುವವಳಂತೆ ಅಗಲವಾಗಿ, ಆಳವಾಗಿ, ಈ ಬಾಗಿಲುಗಳ ಮುಂದೆ ನಿಂತು ಹೋಗುತ್ತಿದ್ದಳು. ಆಗ ಹಡಗಿನವರು ಬಂದರು. ಅವರಿಗೆ ಈ ಊರಿನ ಮನುಷ್ಯರು ಬೇಕಿರಲಿಲ್ಲ, ಮಾತು ಬೇಕಿರಲಿಲ್ಲ, ದೇವರಂತೂ ಬೇಕಿರಲೇ ಇಲ್ಲ. ಬೇಕಾದದ್ದು ನೀರಿನ ಆಳ. ಗುಂಡು ಕಟ್ಟಿದ ಹಗ್ಗ ಇಳಿಸಿ ಆಳ ನೋಡಿದರು, ಒಪ್ಪಿಗೆಯಾಯಿತು, ಕಲ್ಲಿನ ಕಟ್ಟೆ ಕಟ್ಟಿದರು. ಮಾವನ ಮುತ್ತಾತ ಅವರಿಗೆ ದಲ್ಲಾಳಿಯಾದ. ಊರ ಹಿಂದಿನ ಬೆಟ್ಟದಲ್ಲಿ ಎಂಥ ಮರವಿದೆ ಎಂದು ಹಡಗಿನವರಿಗೆ ತೋರಿಸಿದವನೇ ಅವನು ಎಂದು ಈ ಮನೆಯಲ್ಲಿ ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತಾರೆ, ಮರ ನೆಟ್ಟವನೂ ಅವನೇ ಏನೋ ಎಂಬಂತೆ.

ಬೆಟ್ಟದಿಂದ ಮರ ಇಳಿಯಿತು. ಮರ ಕಡಿಯುತ್ತಿದ್ದ ಬೆಟ್ಟದ ಜನ, ಕಡಿಯಲು ಏನೂ ಉಳಿಯದಾದಾಗ, ಮರ ಹೋದ ದಾರಿಯನ್ನೇ ಹಿಡಿದು ಕೆಳಗಿಳಿದು ಕಟ್ಟೆಯ ಮೇಲೆ ಮೂಟೆ ಹೊರುವವರಾದರು. ಕಿರಿಸೊಸೆಯ ತವರಿನವರು ಅವರು. ಕೊನೆಗೆ, ಹಿಡಿದುಕೊಳ್ಳಲು ಬೇರಿಲ್ಲದ ಮಣ್ಣೂ ಇಳಿಯಿತು. ಮಳೆಗಾಲಕ್ಕಿಷ್ಟು ಮಳೆಗಾಲಕ್ಕಿಷ್ಟು ಇಳಿದು ನದಿಯ ಬಾಯಿ ಕಟ್ಟಿತು. ಹಡಗಿನವರು ಮತ್ತೆ ಹಗ್ಗ ಇಳಿಸಿ ನೋಡಿದರು, ತಲೆಯಲ್ಲಾಡಿಸಿದರು, ದಂಡೆಯುದ್ದಕ್ಕೂ ಕೆಳಗೆ ಹೋಗಿ ಬೇರೆ ಬಂದರು ಕಟ್ಟಿಕೊಂಡರು. ಹೋಗುವಾಗ ದಲ್ಲಾಳಿಗೆ ಕಪ್ತಾನನದೆಂದು ಒಂದು ಕುರ್ಚಿ ಕೊಟ್ಟು ಹೋದರು. ಆಮೇಲೆ ದೇಶವನ್ನೇ ಬಿಟ್ಟು ಹೋದರು. ಕುರ್ಚಿ ಮಾತ್ರ ಇಲ್ಲೇ ಉಳಿಯಿತು.

ಕುರ್ಚಿಯ ಜೊತೆಗೆ ಗತ್ತೂ ಉಳಿಯಿತು. ಈ ಮನೆಯಲ್ಲಿ ಎಡ ಬಲ ಎನ್ನುವುದಿಲ್ಲ. 'ಆ ಚೊಂಬು ಸ್ವಲ್ಪ ಹಡಗಿನ ಕಡೆ ಸರಿಸು', 'ದೀಪ ಊರ ಕಡೆ ಇಡು' ಎನ್ನುತ್ತಾರೆ. ಹಡಗಿನ ಕಡೆ ಎಂದರೆ ಈಗ ಹೂಳು, ಅದರ ಮೇಲೆ ಪ್ಲಾಸ್ಟಿಕ್ಕು, ಒಂದು ಮಗುಚಿದ ದೋಣಿ, ಅದರ ನೆರಳಿಗೆ ಹಂದಿ. ಆದರೂ ಗಂಡಸರು ಹೊರಗೆ ಹೋಗುವುದು ಬರುವುದು ಆ ಬಾಗಿಲಿಂದಲೇ. ಹೊಳಪು ಹಾಕಿದ ಬೂಟು ತೊಟ್ಟು, ಪ್ಯಾಂಟು ಎರಡು ಕೈಯಲ್ಲಿ ಎತ್ತಿ ಹಿಡಿದು, ಹಳೇ ಕಟ್ಟೆಯ ಉಳಿದ ಕಲ್ಲಂಚಿನ ಮೇಲೆ ಒಬ್ಬರ ಹಿಂದೊಬ್ಬರು ಬಾತುಕೋಳಿಗಳಂತೆ ನಡೆದು, ಬೀದಿಯ ತುದಿಯವರೆಗೂ ಸುತ್ತಿ ಹಾಕಿ ರಸ್ತೆ ಸೇರುತ್ತಾರೆ. ಅದೇ ರಸ್ತೆ ಅಡುಗೆಮನೆಯ ಬಾಗಿಲಿಗೆ ತಾಗಿಕೊಂಡೇ ಇದೆ. ಆದರೆ ಆ ಬಾಗಿಲು ಹೆಂಗಸರದು, ಕೆಲಸದವರದು, ಮೂಟೆಯವರದು.

ಆ ಬಾಗಿಲಿನ ಮೇಲೊಂದು ತೊಲೆಯಿದೆ. ಬೇಕೆಂದೇ ತಗ್ಗಿಸಿ ಇಡಿಸಿದ್ದು. ಬೆನ್ನ ಮೇಲೆ ಮೂಟೆ ಹೊತ್ತು ಬರುವವನು ಹೇಗೂ ಬಗ್ಗಿರುತ್ತಾನೆ. ಖಾಲಿ ಬೆನ್ನಲ್ಲಿ ಕೂಲಿ ಕೇಳಲು ಬರುವವನೂ ಬಗ್ಗಬೇಕು ಎಂಬುದು ಮುತ್ತಾತನ ಆಸೆಯಂತೆ. ಆ ಪುಣ್ಯಾತ್ಮನ ಚಿತ್ರ ಹಜಾರದಲ್ಲಿದೆ. ಹಡಗಿನವರ ಕೋಟು ತೊಟ್ಟು ನಿಂತಿದ್ದಾನೆ. ಕೋಟು ಇವನದಲ್ಲ ಎಂದು ಹೇಳಲು ಯಾರ ಸಾಕ್ಷಿಯೂ ಬೇಡ. ತೋಳು ಎಷ್ಟು ಉದ್ದವೆಂದರೆ ಬೆರಳೇ ಕಾಣುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಕಿರಿಸೊಸೆ ಅದನ್ನು ನೋಡಿ ನಕ್ಕಿದ್ದಳು. ಅವತ್ತು ಮಾವ ತಿರುಗಿ ನೋಡದೆಯೇ ಹಿರಿಸೊಸೆಗೆ ಹೇಳಿದ್ದರು: "ಊರ ಕಡೆ ಬಾಗಿಲಿಂದ ಬಂದವರು ಅಲ್ಲೇ ಇದ್ರೆ ಚೆಂದ ಅಂತ ಹೇಳಮ್ಮ ಅವಳಿಗೆ." ಅವಳನ್ನು ಪ್ರೀತಿಸಿ ಕಟ್ಟಿಕೊಂಡು ಬಂದ ಗಂಡ ಅಲ್ಲೇ ಇದ್ದ. ಗೋಡೆಯ ಸುಣ್ಣ ನೋಡುತ್ತಿದ್ದ. ಅವನೀಗ ಹೊಸ ಬಂದರಿನಲ್ಲಿ ಗುಮಾಸ್ತ. ಹೆಚ್ಚು ದಿನ ಅಲ್ಲೇ ಇರುತ್ತಾನೆ, ಅಲ್ಲೂ ಗೋಡೆಗಳಿವೆ.

ಅವಳ ಅಪ್ಪ ಬದುಕಿದ್ದಾಗ ಒಂದು ಮಾತು ಹೇಳುತ್ತಿದ್ದ: "ಅವರ ಮನೆ ಮುಂದಿರೋದು ಕೆಸರಲ್ಲ ಮಗಳೇ, ನಮ್ಮ ಬೆಟ್ಟ. ಮಾರಿದ ಮಾಲು ವಾಪಸ್ ಬಂದು ಬಾಗಿಲಲ್ಲಿ ಕೂತಿದೆ, ಒಳಗೆ ಕರೆಯೋರಿಲ್ಲ." ಅವಳು ಲಾರಿ ತೂಕ ಮಾಡುವ ಕಡೆ ಕೆಲಸ ಮಾಡುತ್ತಾಳೆ. ದಿನವೂ ಸಂಜೆ ಮನೆಗೆ ಬಂದು, ತೊಲೆಗೆ ಬಗ್ಗಿ, ಒಳಗೆ ಕಾಲಿಡುವಾಗಲೆಲ್ಲ ಆ ಮಾತನ್ನು ನೆನೆದುಕೊಳ್ಳುತ್ತಾಳೆ. ಅದು ಅವಳ ಸಂಜೆಯ ಪ್ರಾರ್ಥನೆ ಇದ್ದ ಹಾಗೆ.

"ಬಂತು, ಬಂತು!" ಎಂದು ಹಜಾರದಿಂದ ಓರಗಿತ್ತಿ ಕೂಗಿದಳು.

ಕಿರಿಸೊಸೆ ಕೈ ಒರೆಸಿಕೊಂಡು ಹೋದಳು. ಭಾವ ಹಿತ್ತಾಳೆ ಮೊಳೆಯ ಎರಡೂ ಕದ ಅಗಲಕ್ಕೆ ತೆರೆದು, ಅತಿಥಿಯನ್ನು ಎದುರುಗೊಳ್ಳುವವನಂತೆ ಮೆಟ್ಟಿಲ ಮೇಲೆ ನಿಂತಿದ್ದ. ದೂರದಲ್ಲಿ ಹಳೇ ಕಟ್ಟೆಯ ಇಳಿಜಾರಿನಲ್ಲಿ ಬಿಳಿ ಗಾಡಿ ಒಂದು ಕ್ಷಣ ನಿಂತು, ಮೂಗು ತಗ್ಗಿಸಿ ಕೆಳಗಿಳಿಯಿತು. ದೀಪ ತಿರುಗುತ್ತಿತ್ತು, ಸದ್ದು ಮೊಳಗುತ್ತಿತ್ತು, ಹಂದಿ ಎದ್ದು ಓಡಿತು. ಭಾವ ಕೈಯೆತ್ತಿ ಕರೆದ. ಗಾಡಿ ಅಷ್ಟು ದೂರ ಚೆನ್ನಾಗಿಯೇ ಬಂತು. ಬಂದು, ಮಗುಚಿದ ದೋಣಿಯ ಪಕ್ಕ ನಿಧಾನವಾಯಿತು. ಆಮೇಲೆ ಯಾರೋ ಕೆಳಗಿನಿಂದ ಕಾಲು ಹಿಡಿದು ಎಳೆದ ಹಾಗೆ ಹಿಂದಕ್ಕೆ ಕುಸಿಯಿತು. ಚಕ್ರ ಕೂಗಿತು, ಕಪ್ಪು ಕೆಸರು ಕಾರಂಜಿಯಂತೆ ಎದ್ದು ಬಿಳಿ ಬಾಗಿಲಿಗೆ ಬಡಿಯಿತು. ಕೂಗಿದಷ್ಟೂ ಇಳಿಯಿತು.

ಚಿಕ್ಕಂದಿನಲ್ಲಿ ಅಜ್ಜಿಯ ಮಗ್ಗುಲಲ್ಲಿ ಕೂತು ಕೇಳಿದ ಪದ್ಯಗಳಲ್ಲಿ ರಥದ ಗಾಲಿ ಹೂತರೆ ಅವಳಿಗೆ ಅಳು ಬರುತ್ತಿತ್ತು. ಈಗ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಡ್ರೈವರು ಬಾಗಿಲು ತೆರೆದು ಕಾಲಿಟ್ಟು ಮೊಣಕಾಲು ಕಳೆದುಕೊಂಡ. "ಯಾವನ್ರೀ ದಾರಿ ಹೇಳಿದ್ದು? ಇದು ದಾರೀನಾ? ನೆಲಾನಾ ಇದು?" ಎಂದು ಅಲ್ಲಿಂದಲೇ ಅರಚಿದ.

"ನಿಧಾನಕ್ಕೆ ಬರಬೇಕಿತ್ತಪ್ಪಾ. ಹಿಂದೆಲ್ಲ ಇಲ್ಲಿಗೆ ಎಂಥೆಂಥ ಹಡಗು ಬರ್ತಿತ್ತು ಗೊತ್ತಾ!" ಎಂದ ಭಾವ.

"ಹಡಗೇ ತರಿಸ್ಕೊಳ್ಳಿ ಹಾಗಾದ್ರೆ! ನನ್ನನ್ನ ಯಾಕೆ ಕರೆದ್ರಿ?"

ಭಾವ ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ಹಾಕಿ, ಒಂದು ಬೂಟನ್ನು ಕೆಸರಿಗೆ ಒಪ್ಪಿಸಿ, ವಾಪಸ್ ಬಂದ. ಕಲ್ಲಂಚಿನ ಮೇಲೆ ರೋಗಿಯನ್ನು ಹೊತ್ತು ನಡೆಯುವ ಹಾಗಿರಲಿಲ್ಲ, ಅಲ್ಲಿ ಒಬ್ಬನ ಕಾಲಿಗೇ ಜಾಗ ಸಾಲದು. ಇನ್ನೊಂದು ಗಾಡಿ ಊರಾಚೆ ಯಾವುದೋ ಅಪಘಾತಕ್ಕೆ ಹೋಗಿದೆ, ಬರುವುದು ತಡವಾಗುತ್ತದೆ ಎಂದು ಡ್ರೈವರು ಫೋನ್ ಮಾಡಿ ಕೇಳಿ ಕೂಗಿ ಹೇಳಿದ. ಬೀದಿಯ ಉಳಿದ ಹಿತ್ತಾಳೆ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಊರೆಲ್ಲ ನಿಂತು ನೋಡಲಿ ಎಂದು ಅವಳು ಬಯಸಿದ್ದು ನೆರವೇರುತ್ತಿತ್ತು.

ಹಿಂದಿನಿಂದ ಗೊರಗೊರ ಸದ್ದು ಬಂತು. ಮಾವನ ಉಸಿರು ಬದಲಾಗಿತ್ತು. ಜೊಲ್ಲು ಗದ್ದದಿಂದ ಇಳಿದು ಅಂಗಿಯ ಗುಂಡಿಯ ಮೇಲೆ ನಿಂತಿತ್ತು. ಕಿರಿಸೊಸೆಯ ಬಾಯಿಂದ ಸೆರಗು ಕೆಳಗೆ ಬಿತ್ತು. ಆ ಕ್ಷಣದಿಂದ ಅವಳಿಗೆ ನಗು ಬರಲಿಲ್ಲ.

"ಭಾವ, ಅಡುಗೆಮನೆ ಕಡೆಯಿಂದ ಕರ್ಕೊಂಡು ಹೋಗೋಣ. ರಸ್ತೆಯಲ್ಲಿ ಯಾವ್ದಾದ್ರೂ ಗಾಡಿ ಸಿಗುತ್ತೆ."

"ಅಪ್ಪನ್ನ? ಅಡುಗೆಮನೆ ಬಾಗಿಲಿಂದ?" ಭಾವ ಒಂದು ಬೂಟಿನಲ್ಲಿ ನಿಂತು ಕೇಳಿದ. "ಏನು ಮಾತಾಡ್ತಿದ್ದೀಯ? ನಮ್ಮ ಮನೇಲಿ ಗಂಡಸರ ಹೆಣಾನೂ ಆ ಕಡೆಯಿಂದ ಹೋಗಿಲ್ಲ."

"ಹೆಣ ಆದ್ಮೇಲೆ ಯಾವ ಕಡೆಯಿಂದ ಬೇಕಾದ್ರೂ ತಗೊಂಡು ಹೋಗಿ. ಈಗ ಜೀವ ಇದೆ."

"ಅವಳು ಹೇಳೋದು ಸರಿ ಅನ್ಸುತ್ತೆ ಕಣ್ರೀ," ಎಂದಳು ಓರಗಿತ್ತಿ. ಅವಳೂ ಇದೇ ಬೀದಿಯ ಇನ್ನೊಂದು ದಲ್ಲಾಳಿ ಮನೆಯ ಮಗಳು. ಗಂಡನ ಎದುರು 'ಅನ್ಸುತ್ತೆ' ಎಂದದ್ದೇ ಅವಳ ಜನ್ಮದ ದಂಗೆ.

ಭಾವ ಒಪ್ಪಿದ, ಆದರೆ ತನ್ನದೇ ರೀತಿಯಲ್ಲಿ. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿಯೇ ಒಯ್ಯಬೇಕು, ಕುರ್ಚಿ ಬಿಟ್ಟು ಇಳಿಸಬಾರದು ಎಂದ. ಮೂವರೂ ಸೇರಿ ಎಳೆದರು. ಕಪ್ತಾನನ ಕುರ್ಚಿ ಹಜಾರ ದಾಟಿತು, ನಡುಮನೆ ದಾಟಿತು, ಒಲೆಯ ಪಕ್ಕದಲ್ಲಿ ಹಾದು ಹಿಂಬಾಗಿಲಿಗೆ ಬಂದು ಸಿಕ್ಕಿಕೊಂಡಿತು. ಕುರ್ಚಿಯ ಎತ್ತರದ ಬೆನ್ನು ತೊಲೆಗೆ ತಾಗಿತು, ಕೈಗಳು ಎರಡೂ ಪಕ್ಕದ ಮರಕ್ಕೆ ಕಚ್ಚಿಕೊಂಡವು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಭಾವ ಹಲ್ಲು ಕಚ್ಚಿ ಒಮ್ಮೆ ಜಗ್ಗಿದ. ಕುರ್ಚಿಯ ಒಂದು ಕೈ ಲಟಕ್ಕೆಂದು ಮುರಿದು, ಅವನು ಹಿಂದಕ್ಕೆ ಬೀಳುವಾಗ ಕುರ್ಚಿಯೂ ಹಿಂದಕ್ಕೆ ಬಂತು. ಮುರಿದ ಕಡೆ ಒಳಗಿನ ಮರ ಕಾಣುತ್ತಿತ್ತು. ಮೇಲೆ ಕರಿ ಬಣ್ಣ, ಒಳಗೆ ಪೆಟ್ಟಿಗೆ ಹೊಡೆಯುವ ಅಗ್ಗದ ಬಿಳಿ ಹಲಗೆ. ಭಾವ ಅದನ್ನು ನೋಡಿದ. ಅವಸರ ಅವಸರವಾಗಿ ಹೆಗಲ ಟವೆಲು ತೆಗೆದು ಅದರ ಮೇಲೆ ಹೊದಿಸಿದ. ಅಪ್ಪನ ಉಸಿರು ಗೊರಗುಟ್ಟುತ್ತಿದ್ದಾಗ ಅವನ ಕೈ ಮೊದಲು ಹೋದದ್ದು ಆ ಹಲಗೆಯ ಮಾನ ಮುಚ್ಚಲು.

ಆಮೇಲೆ ಅಪ್ಪನನ್ನು ತೋಳಲ್ಲಿ ಎತ್ತಲು ನೋಡಿದ. ಎತ್ತಿದ ಕೂಡ. ಆದರೆ ಆ ಬಾಗಿಲಿನಲ್ಲಿ ತೋಳಲ್ಲಿ ಹೊತ್ತವನು ದಾಟಲಾರ, ಸೊಂಟ ಮುರಿದು ಬಗ್ಗಬೇಕು. ಜನ್ಮದಲ್ಲಿ ಆ ಬಾಗಿಲು ದಾಟದ ಭಾವ ನೆಟ್ಟಗೆ ಹೋಗಿ ತೊಲೆಗೆ ಹಣೆ ಚಚ್ಚಿಕೊಂಡು, ಅಪ್ಪನನ್ನು ಮತ್ತೆ ಕುರ್ಚಿಗೇ ಕೂರಿಸಿ, ಹಣೆ ಹಿಡಿದುಕೊಂಡು ಒಲೆಯ ಪಕ್ಕ ಕುಸಿದ.

ಕಿರಿಸೊಸೆ ಆಗಲೇ ಹೊರಗೋಡಿದ್ದಳು. ರಸ್ತೆಯಾಚೆ ಸಗಟು ಅಂಗಡಿಯ ಮುಂದೆ ಅವಳ ಚಿಕ್ಕಪ್ಪ ಸಾಮಾನಿನ ಆಟೋದಿಂದ ಮೂಟೆ ಇಳಿಸುತ್ತಿದ್ದ. ವಯಸ್ಸಾದರೂ ಬೆನ್ನು ಹಲಗೆಯ ಹಾಗಿತ್ತು, ಬಾಯಿ ಕತ್ತರಿಯ ಹಾಗಿತ್ತು.

"ಚಿಕ್ಕಪ್ಪಾ, ಬೇಗ ಬಾ. ನಮ್ಮ ಮಾವನಿಗೆ ಹುಷಾರಿಲ್ಲ, ಹೊತ್ಕೊಂಡು ಹೊರಗೆ ತರಬೇಕು."

ಚಿಕ್ಕಪ್ಪ ಬಂದ. ಬಂದವನು ಬಾಗಿಲ ಹೊರಗೇ ನಿಂತ. ಸೊಂಟಕ್ಕೆ ಕೈ ಕೊಟ್ಟು ಒಳಗೆ ಇಣುಕಿದ. "ಕರೀತಿರೋದು ಯಾರು? ನೀನೋ, ಮನೆಯವರೋ?"

"ಏಯ್, ನಿಂತ್ಕೊಂಡು ಏನು ನೋಡ್ತೀಯ, ಬಾ ಒಳಗೆ!" ಎಂದ ಭಾವ.

"ಯಾವ ಬಾಗಿಲಿಂದ ಬರಲಿ ಯಜಮಾನ್ರೇ?" ಚಿಕ್ಕಪ್ಪನ ದನಿ ಜೇನಿನಂತಿತ್ತು. "ಮುಂದಿನಿಂದ ಸುತ್ಕೊಂಡು ಬರಲಾ? ಅಲ್ಲಿ ಯಾರದೋ ಗಾಡಿ ಅಡ್ಡ ನಿಂತಿದೆಯಂತಲ್ಲ. ನಮ್ಮಪ್ಪನೂ ಇಲ್ಲೇ ಬಗ್ಗಿದ, ನಾನೂ ಇಲ್ಲೇ ಬಗ್ಗಿದೆ, ಈ ಮಗು ದಿನಾ ಬಗ್ತಾಳೆ. ಇವತ್ತೊಂದು ದಿನ ಹಿತ್ತಾಳೆ ಮೊಳೆ ಮುಟ್ಟಿ ನೋಡೋಣ ಅಂತ."

ರಸ್ತೆಯಲ್ಲಿದ್ದ ಇಬ್ಬರು ಮೂಟೆಯವರು ನಕ್ಕರು. ಚಿಕ್ಕಪ್ಪ ತನ್ನ ಮಾತನ್ನು ಬಾಯಲ್ಲಿ ಹೊರಳಿಸಿಕೊಂಡು ಸವಿಯುತ್ತಿದ್ದ. ಆ ರುಚಿ ಎಂಥದ್ದೆಂದು ಕಿರಿಸೊಸೆಗೆ ಗೊತ್ತಿತ್ತು. ನಲ್ಲಿಯ ಮುಂದೆ ನಿಂತು ತೊಳೆದ ಪಾತ್ರೆ ತೊಳೆಯುತ್ತಿದ್ದಾಗ ಅವಳ ಬಾಯಲ್ಲೂ ಅದೇ ಇತ್ತು.

"ಸಾಕು ಚಿಕ್ಕಪ್ಪಾ!" ಎಂದು ಅವಳು ಕಿರುಚಿದಳು. ಅಷ್ಟು ಜೋರಾಗಿ ಅವಳು ಯಾರ ಮೇಲೂ ಕಿರುಚಿದ್ದಿಲ್ಲ. "ಆಮೇಲೆ ಮುಟ್ಟು, ಕಿತ್ಕೊಂಡು ಬೇಕಾದ್ರೂ ಹೋಗು. ಈಗ ಬಾ!"

ಒಲೆಯ ಪಕ್ಕದಿಂದ ಭಾವ, ಹಣೆಯ ಮೇಲೆ ಕೈ ಹಾಗೇ ಇಟ್ಟುಕೊಂಡು, ಸಣ್ಣ ಹುಡುಗನ ದನಿಯಲ್ಲಿ ಹೇಳಿದ: "ಬನ್ನಿ... ಅಪ್ಪ ಹೋಗ್ಬಿಡ್ತಾರೆ."

ಚಿಕ್ಕಪ್ಪನ ನಗು ನಿಂತಿತು. ಹೆಗಲ ಮೇಲಿದ್ದ ಗೋಣಿತಾಟನ್ನು ಕೊಡವಿ ಬೆನ್ನ ಮೇಲೆ ಹರವಿಕೊಂಡ, ಬಗ್ಗಿ ಒಳಗೆ ಬಂದ, ಕುರ್ಚಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತ. "ಎತ್ತಿ ಹಾಕ್ರಪ್ಪ. ಕೈ ಎರಡೂ ನನ್ನ ಹೆಗಲ ಮೇಲೆ. ಹಾಂ." ಮೂವರೂ ಸೇರಿ ಮಾವನನ್ನು ಅವನ ಬೆನ್ನಿಗೆ ಒರಗಿಸಿದರು. ಅವನು ಒಮ್ಮೆ ಉಸಿರೆಳೆದು, ಮೂಟೆ ಏಳುವ ಹಾಗೆ ಎದ್ದ. ಮಾವನ ಸತ್ತ ಬಲಗೈ ಅವನ ಎದೆಯ ಮೇಲೆ ತೂಗಾಡಿತು. ಜೊಲ್ಲು ಅವನ ಕತ್ತಿನ ಮೇಲೆ ಇಳಿಯಿತು. ಎಂಥೆಂಥವರ ಬೆವರನ್ನೂ ಮೂಗಿಗೆ ಬಟ್ಟೆ ಹಿಡಿದು ದೂರವಿಟ್ಟಿದ್ದ ಮುಖ ಈಗ ಆ ಬೆವರಿನಲ್ಲೇ ಹೂತಿತ್ತು.

ಬಾಗಿಲ ಬಳಿ ಬಂದಾಗ ಚಿಕ್ಕಪ್ಪನ ಬಾಯಿಂದ, ಹಿಂದೆ ಬರುವವನಿಗೆ ಎಚ್ಚರಿಸುವ ಹಳೇ ಅಭ್ಯಾಸದಲ್ಲಿ, ಮಾತು ತಾನಾಗಿಯೇ ಬಂತು: "ಬಗ್ಗು... ಬಗ್ಗಿ ಯಜಮಾನ್ರೇ."

ಮಾವ ಬಗ್ಗಿದರು. ಯಾರೂ ಅವರ ತಲೆ ಒತ್ತಲಿಲ್ಲ. ಎಚ್ಚರವಿದ್ದ ಅರ್ಧ ದೇಹ ಆ ಮಾತು ಕೇಳಿಸಿಕೊಂಡು, ಕೆನ್ನೆಯನ್ನು ಮೂಟೆಯವನ ಹೆಗಲಿಗೆ ಒತ್ತಿ ತಲೆ ತಗ್ಗಿಸಿತು. ತೊಲೆ ಅವರ ಬಿಳಿ ಕೂದಲನ್ನು ಸವರಿ ಮೇಲೆ ಉಳಿಯಿತು. ದಾಟುವಾಗ ಆ ಎಡಗಣ್ಣು ಪಕ್ಕದಲ್ಲಿ ನಿಂತಿದ್ದ ಕಿರಿಸೊಸೆಯನ್ನು ನೋಡಿತು.

ಸಾಮಾನಿನ ಆಟೋದಲ್ಲಿ ಖಾಲಿ ಚೀಲಗಳ ಮೇಲೆ ಅವರನ್ನು ಮಲಗಿಸಿದರು. ಭಾವ ಒಂದೇ ಬೂಟಿನಲ್ಲಿ ಹತ್ತಿ ತಲೆಯ ಬಳಿ ಕೂತ. ಅವಳು ಕಾಲ ಬಳಿ ಕೂತಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಂದು, ಜೀವಕ್ಕೆ ಭಯವಿಲ್ಲ ಎಂದಳು. ಅದಾದ ಮೇಲೆ ಕನ್ನಡಕ ತೆಗೆದು ಒರೆಸುತ್ತಾ, "ಇನ್ನೂ ಸ್ವಲ್ಪ ಮುಂಚೆ ತಂದಿದ್ರೆ ಮಾತು ಉಳೀತಿತ್ತೋ ಏನೋ. ಇಂಥದ್ದರಲ್ಲಿ ಒಂದೊಂದು ನಿಮಿಷಾನೂ ಲೆಕ್ಕಕ್ಕೆ ಬರುತ್ತೆ," ಎಂದಳು. ಭಾವ ಕೂಡಲೇ ಡ್ರೈವರನನ್ನು ಬಯ್ಯತೊಡಗಿದ. ಕಣ್ಣು ಕಾಣದ ಬಡ್ಡೀಮಗ, ಗಾಡಿ ಓಡಿಸೋಕೆ ಬರದವನು, ಹೊಲಕ್ಕೂ ಕೆಸರಿಗೂ ವ್ಯತ್ಯಾಸ ತಿಳಿಯದವನು. ಬಯ್ಯುತ್ತಾ ಬಯ್ಯುತ್ತಾ ಅವನ ಮೈ ಹಗುರವಾಗುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು. ಹೊಸ ಬಂದರಿನಿಂದ ಓಡಿಬಂದ ಅವಳ ಗಂಡ ಅಣ್ಣನ ಮಾತಿಗೆಲ್ಲ ತಲೆಯಾಡಿಸಿದ.

ಓರಗಿತ್ತಿ ಮಾತ್ರ ಬೆಂಚಿನ ಮೇಲೆ ಅವಳ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದಳು: "ಅಲ್ವೇ, ಇವರು ಫೋನಲ್ಲಿ ದಾರಿ ಹೇಳುವಾಗ ನೀನು ಅಲ್ಲೇ ಇದ್ದೆಯಲ್ಲ? ನಿಂಗೆ ಕೇಳಿಸ್ಲಿಲ್ವಾ?"

"ನಲ್ಲಿ ನೀರು ಬಿಟ್ಟಿದ್ದೆ ಅಕ್ಕ."

"ಹೌದಾ," ಎಂದಳು ಓರಗಿತ್ತಿ.

ಮಾವನನ್ನು ಮನೆಗೆ ಕರೆತರುವ ಹೊತ್ತಿಗೆ ಭಾವ ಕೆಸರಿನ ಮೇಲೆ ಹಲಗೆ ಹಾಸಿಸಿದ್ದ. ಹೋದದ್ದು ಹೇಗಾದರೂ ಹೋಯಿತು, ಬರುವುದಾದರೂ ಮರ್ಯಾದೆಯಿಂದ ಬರಲಿ ಎಂದು. ಉಬ್ಬರದ ನೀರು ಬಂದು ಹಲಗೆಗಳಲ್ಲಿ ಕೆಲವನ್ನು ಎಬ್ಬಿಸಿಕೊಂಡು ಹೋಯಿತು, ಕೆಲವನ್ನು ಬೆಟ್ಟ ನುಂಗಿತು. ಕೊನೆಗೆ ಚಿಕ್ಕಪ್ಪನೇ ಬಂದು, ಹೋದ ಬಾಗಿಲಿಂದಲೇ ಮಾವನನ್ನು ಒಳಗೆ ತಂದ. ಈ ಸಲ ಅವನು ಯಾವ ಬಾಗಿಲೆಂದು ಕೇಳಲಿಲ್ಲ. ತೊಲೆ ಏರಿಸೋಣವೆಂದು ಬಡಗಿಯನ್ನು ಕರೆಸಿದರೆ ಅವನು ಗರಗಸ ಹಾಕಿ ನೋಡಿ, ಅದರ ಹಲ್ಲು ಮುರಿದುಕೊಂಡು, "ಇದು ಬೆಟ್ಟದ ಹಳೇ ಮರ ಸ್ವಾಮಿ, ಇದನ್ನ ತೆಗೆದ್ರೆ ಗೋಡೆ ಉಳಿಯಲ್ಲ," ಎಂದು ಕೈ ಚೆಲ್ಲಿ ಹೋದ.

ಜನ ಓಡಾಡುವ ಕಡೆ ಕೂರಿಸಿ, ಮನಸ್ಸಿಗೆ ಒಳ್ಳೇದು ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದಳು. ಹಡಗಿನ ಕಡೆ ಜನವೆಲ್ಲಿ? ಅಡುಗೆಮನೆಯಲ್ಲೇ, ಹಿಂಬಾಗಿಲಿಗೆ ಎದುರಾಗಿ, ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಹಜಾರದಲ್ಲಿ ಮುರಿದ ಕೈಯ ಮೇಲೆ ಟವೆಲು ಹೊದ್ದು ಕಪ್ತಾನನ ಕುರ್ಚಿ ಖಾಲಿ ಕೂತಿದೆ. ಎದುರಿನ ಚಿತ್ರದಲ್ಲಿ ಮುತ್ತಾತ ಬೆರಳಿಲ್ಲದ ತೋಳುಗಳನ್ನು ಚಾಚಿಕೊಂಡು ನಿಂತಿದ್ದಾನೆ. ಭಾವ ಈಗಲೂ ಪ್ಯಾಂಟು ಎತ್ತಿ ಹಿಡಿದು ಕಲ್ಲಂಚಿನ ಮೇಲೆ ನಡೆಯುತ್ತಾನೆ. ಹೊಸ ಬೂಟು ತಂದಿದ್ದಾನೆ. ಹಾದಿಯಲ್ಲಿ ಸಿಕ್ಕವರಿಗೆಲ್ಲ ಆ ಡ್ರೈವರನ ದಡ್ಡತನದ ಕಥೆ ಹೇಳುತ್ತಾನೆ. ಅವನನ್ನು ಕಂಡರೆ ಅವಳಿಗೆ ಈಗಲೂ ಹೇಸಿಗೆಯೇ, ಅದರಲ್ಲಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.

ಮಾವನಿಗೆ ಮಾತು ಬರಲಿಲ್ಲ. ಆದರೆ ಹೊಸದೊಂದು ಅಭ್ಯಾಸ ಬಂತು. ಯಾರಾದರೂ ಆ ಬಾಗಿಲಿನಲ್ಲಿ ಬಗ್ಗಿ ಒಳಗೆ ಬಂದರೆ, ಕೂತಲ್ಲೇ ಅವರ ತಲೆಯೂ ಅಷ್ಟು ತಗ್ಗುತ್ತದೆ. ಹಾಲಿನವಳಿಗೂ ತಗ್ಗುತ್ತದೆ, ಸೊಪ್ಪಿನವಳಿಗೂ ತಗ್ಗುತ್ತದೆ. "ಅಯ್ಯೋ, ಯಜಮಾನ್ರು ನನಗೆ ನಮಸ್ಕಾರ ಹೇಳ್ತಾರೆ!" ಎಂದು ಹಾಲಿನವಳು ಬೀದಿಯೆಲ್ಲ ನಗುತ್ತಾ ಹೇಳಿಕೊಂಡು ಬಂದಳು. ನರದ ದೋಷ, ಹೋಗ್ತಾ ಹೋಗ್ತಾ ಸರಿಯಾಗುತ್ತೆ ಎಂದು ಭಾವ ಎಲ್ಲರಿಗೂ ಹೇಳಿದ.

ಒಂದು ಸಂಜೆ ಕಿರಿಸೊಸೆ ಕೆಲಸ ಮುಗಿಸಿ ಬಂದಳು. ಲಾರಿಗಳ ಧೂಳು ಮೈಮೇಲಿತ್ತು. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಅಪ್ಪನ ಆ ಮಾತನ್ನು ನೆನೆಯಲು ಹೊರಟಳು. ಯಾಕೋ ಅದು ಅರ್ಧಕ್ಕೇ ನಿಂತಿತು. ಒಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಆ ಎಡಗಣ್ಣು ಅವಳ ಬಾಯಿಯನ್ನೇ ನೋಡುತ್ತಿತ್ತು.

ಅವಳು ಬಗ್ಗಿದಳು. ಒಳಗೆ ಆ ಬಿಳಿ ತಲೆಯೂ ತಗ್ಗಿತು. ತೊಲೆಯ ಕೆಳಗೆ, ದ್ವಾರದ ನಡುವೆ, ಅವಳು ಕೂಡಲೇ ನೆಟ್ಟಗಾಗಲಿಲ್ಲ. ಒಲೆಯ ಪಕ್ಕದಲ್ಲಿ ಯಾರೋ ಪೂರ್ತಿ ತಿರುಗಿಸದೆ ಬಿಟ್ಟ ನಲ್ಲಿ ತೊಟ್ಟಿಕ್ಕುತ್ತಿತ್ತು.